ಗುದ್ದು ಇಂದು, ಹಾನಿ ಮುಂದಿನ ವಾರ: ಎದುರು ಗಾಡಿಯ ವಿಮೆ ಕಂಪನಿಯಿಂದ ಹಣ ಪಡೆಯುವುದು ಹೇಗೆ?

ಸಿಗ್ನಲ್‌ನಲ್ಲಿ ನಿಂತ ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಗುದ್ದುತ್ತದೆ. ಇಳಿದು ನೋಡಿದರೆ ಬಂಪರಿನ ಮೇಲೆ ಒಂದು ಗೀರು, ಅಷ್ಟೆ. ಗುದ್ದಿದವರು ಕೈ ಮುಗಿಯುತ್ತಾರೆ, ಹಿಂದಿನ ಗಾಡಿಗಳು ಹಾರನ್ ಹೊಡೆಯುತ್ತವೆ, ಎರಡು ಸಾವಿರ ರೂಪಾಯಿ ಫೋನಿನಿಂದ ಫೋನಿಗೆ ಹೋಗುತ್ತದೆ, ಎಲ್ಲರೂ ಮನೆ ಸೇರುತ್ತಾರೆ. ವಾರ ಕಳೆದ ಮೇಲೆ ಡಿಕ್ಕಿಯ ಬಾಗಿಲು ಸರಿಯಾಗಿ ಕೂರುವುದಿಲ್ಲ. ಮಳೆ ಬಂದ ಮಾರನೆಯ ದಿನ ಸ್ಟೆಪ್ನಿ ಇಡುವ ಗುಂಡಿಯಲ್ಲಿ ನೀರು ನಿಂತಿರುತ್ತದೆ. ಗ್ಯಾರೇಜಿನಲ್ಲಿ ಬಂಪರ್ ಬಿಚ್ಚಿಸಿದರೆ ಒಳಗಿನ ಅಡ್ಡಪಟ್ಟಿ ಬಾಗಿದೆ, ಅದರ ಹಿಂದಿನ ತಗಡು ಮಡಚಿಕೊಂಡಿದೆ, ಖರ್ಚು ಐವತ್ತು ಸಾವಿರ ದಾಟುತ್ತದೆ.

ಈ ಹಣವನ್ನು ಗುದ್ದಿದವರ ವಿಮೆ ಕಂಪನಿ ಕೊಡಬೇಕಲ್ಲವೇ? ಕೊಡಬೇಕು. ಆದರೆ ಕೇಳಿದ ಕೂಡಲೇ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಅಮೆರಿಕದಲ್ಲಿರುವ ಮಗನೋ ಅಳಿಯನೋ ‘ಅವರ ಇನ್ಶೂರೆನ್ಸಿಗೆ ಫೋನ್ ಮಾಡಿ, ಅವರೇ ಬಂದು ನೋಡಿ ಚೆಕ್ ಕೊಡುತ್ತಾರೆ’ ಎಂದರೆ, ಅದು ಅಲ್ಲಿನ ರೂಢಿ. ಇಲ್ಲಿ ಆ ಕಂಪನಿಗೆ ನೀವು ಗ್ರಾಹಕರಲ್ಲ. ಅದರ ಸಹಾಯವಾಣಿ ನಿಮ್ಮ ಪಾಲಿಸಿ ಸಂಖ್ಯೆ ಕೇಳುತ್ತದೆ, ನಿಮ್ಮ ಬಳಿ ಅದಿಲ್ಲ, ಮಾತು ಅಲ್ಲಿಗೆ ನಿಲ್ಲುತ್ತದೆ. ಮೂರನೆಯ ವ್ಯಕ್ತಿಯ, ಅಂದರೆ ಇಲ್ಲಿ ನಿಮ್ಮ, ಆಸ್ತಿಗಾದ ಹಾನಿಯ ಹಣವನ್ನು ಆ ಕಂಪನಿ ಕೊಡುವುದು ಸಾಮಾನ್ಯವಾಗಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಆದೇಶಿಸಿದಾಗ, ಇಲ್ಲವೇ ಆ ಮಂಡಳಿಯ ಮುಂದೆ ರಾಜಿಯಾದಾಗ.

ಅಲ್ಲಿ ತಡವಾಗಿ ಕಂಡ ಹಾನಿಯ ವಿಷಯ ಬಂದರೆ ವಾದವೆಲ್ಲ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಇದು ಆ ದಿನದ ಗುದ್ದಿನಿಂದಲೇ ಆದದ್ದೇ? ಮುಂದಿನ ಒಂದೊಂದು ಹೆಜ್ಜೆಯೂ ಈ ಪ್ರಶ್ನೆಗೆ ಕಾಗದದಲ್ಲಿ ಉತ್ತರ ಸಿದ್ಧ ಮಾಡಿಡುವ ಕೆಲಸ.

ಹಾನಿ ಎಲ್ಲಿ ಅಡಗುತ್ತದೆ

ಈಗಿನ ಕಾರುಗಳ ಬಂಪರ್ ಪ್ಲಾಸ್ಟಿಕ್. ಗುದ್ದು ಬಿದ್ದಾಗ ಒಳಕ್ಕೆ ಹೋಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಅದರ ಹಿಂದಿರುವ ಲೋಹದ ಪಟ್ಟಿ, ಬ್ರಾಕೆಟ್, ತಗಡು ಹಾಗೆ ಮರಳುವುದಿಲ್ಲ. ಹೊರಗಿನ ಗೀರು ನೋಡಿ ಒಳಗಿನ ಹಾನಿ ಅಳೆಯುವುದು ಅನುಭವಿ ಟಿಂಕರ್‌ಗೂ ಕಷ್ಟ.

ಹಿಂದಿನಿಂದ ಗುದ್ದಿದ್ದರೆ ಡಿಕ್ಕಿಯ ಬಾಗಿಲಿನ ಸಂದು ಎರಡೂ ಕಡೆ ಒಂದೇ ಅಗಲ ಇದೆಯೇ ನೋಡಿ. ಒಳಗಿನ ಕಾರ್ಪೆಟ್ ಎತ್ತಿ ನೆಲದ ತಗಡಿನಲ್ಲಿ ಮಡಿಕೆ ಇದೆಯೇ ನೋಡಿ. ಸಿಎನ್‌ಜಿ ಗಾಡಿಯಾದರೆ ಸಿಲಿಂಡರ್ ಹಿಡಿದಿರುವ ಬ್ರಾಕೆಟ್ ಪರೀಕ್ಷಿಸದೆ ಗಾಡಿ ಓಡಿಸಬಾರದು. ಮುಂದಿನಿಂದಾದರೆ ಎ.ಸಿ. ಕಂಡೆನ್ಸರ್ ಮತ್ತು ರೇಡಿಯೇಟರ್ ಎಲ್ಲಕ್ಕಿಂತ ಮುಂದೆ ಇರುತ್ತವೆ. ಕೂದಲೆಳೆಯಷ್ಟು ಬಿರುಕಿನಿಂದ ಗ್ಯಾಸ್ ಸೋರಿ ಎ.ಸಿ. ತಣ್ಣಗಾಗುವುದು ನಿಲ್ಲಲು ಕೆಲವು ದಿನ ಬೇಕಾಗುತ್ತದೆ, ಕೂಲಂಟ್ ಕಡಿಮೆಯಾಗಲೂ ಹಾಗೆಯೇ. ಚಕ್ರದ ಬದಿಗೆ ಪೆಟ್ಟು ಬಿದ್ದಿದ್ದರೆ ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತದೆ, ಬೇರಿಂಗ್ ಗುಂಯ್‌ಗುಡುತ್ತದೆ, ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ತಾನಾಗಿ ಬ್ರೇಕ್ ಹಾಕುವ ಹೊಸ ಕಾರುಗಳಲ್ಲಿ ಬಂಪರ್ ಅಥವಾ ಗ್ರಿಲ್ ಹಿಂದೆ ರಾಡಾರ್ ಇರುತ್ತದೆ. ಅದು ಸ್ವಲ್ಪ ವಾಲಿದರೂ ಸಾಕು, ಹೆದ್ದಾರಿಯಲ್ಲಿ ತಪ್ಪು ಎಚ್ಚರಿಕೆ ಬರತೊಡಗುತ್ತದೆ. ವಿದ್ಯುತ್ ಕಾರಿನ ಅಡಿಭಾಗಕ್ಕೆ ಏನಾದರೂ ತಾಗಿದ್ದರೆ ಬ್ಯಾಟರಿಯ ಕವಚವನ್ನು ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ತೋರಿಸಬೇಕು.

ಮೊದಲ ಹೆಜ್ಜೆ: ಸ್ಥಳದಲ್ಲೇ ‘ಮುಗಿಯಿತು’ ಎನ್ನಬೇಡಿ

ಎದುರು ಗಾಡಿಯ ನಂಬರ್ ಪ್ಲೇಟ್, ಎರಡೂ ಗಾಡಿಗಳು ನಿಂತ ಸ್ಥಿತಿ, ರಸ್ತೆ, ಗೀರಿನ ಹತ್ತಿರದ ಚಿತ್ರ, ಚಾಲಕರ ಪರವಾನಗಿ, ಇಷ್ಟನ್ನು ಫೋನಿನಲ್ಲಿ ಹಿಡಿಯಿರಿ. ಓಡೋಮೀಟರಿನ ಚಿತ್ರವೂ ಒಂದಿರಲಿ. ಇದು ಯಾರಿಗೂ ನೆನಪಾಗುವುದಿಲ್ಲ, ಆದರೆ ತಡವಾಗಿ ಕಂಡ ಹಾನಿಯಲ್ಲಿ ಇದರಷ್ಟು ಕೆಲಸಕ್ಕೆ ಬರುವ ಚಿತ್ರ ಇನ್ನೊಂದಿಲ್ಲ. ಅಪಘಾತದ ದಿನ 41,200 ಕಿ.ಮೀ., ಗ್ಯಾರೇಜಿಗೆ ಬಂದ ದಿನ 41,350 ಕಿ.ಮೀ. ಎಂದಾದರೆ ‘ನಡುವೆ ಬೇರೆಲ್ಲೋ ಗುದ್ದಿಸಿಕೊಂಡಿದ್ದೀರಿ’ ಎಂಬ ಮಾತಿಗೆ ಬಲ ಕಡಿಮೆ. ಡ್ಯಾಶ್ ಕ್ಯಾಮೆರಾ ಇದ್ದರೆ ಆ ಭಾಗವನ್ನು ಅಂದೇ ಬೇರೆಡೆ ಉಳಿಸಿ, ಇಲ್ಲವಾದರೆ ಅದರ ಮೇಲೆ ಹೊಸ ಚಿತ್ರಣ ಬಂದು ಕೂರುತ್ತದೆ. ಪಕ್ಕದ ಅಂಗಡಿಯ ಸಿಸಿಟಿವಿ ಕೂಡ ಹೆಚ್ಚು ದಿನ ಉಳಿಯುವುದಿಲ್ಲ.

ಹಣ ಕೊಡಲು ಬಂದರೆ? ತೆಗೆದುಕೊಳ್ಳಲೇಬೇಕೆಂದಿದ್ದರೆ ತೆಗೆದುಕೊಳ್ಳಿ. ಆದರೆ ‘ಸದ್ಯ ಕಾಣುವ ಬಂಪರ್ ಗೀರಿಗೆ ಮಾತ್ರ, ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದ ಮೇಲೆ ಉಳಿದದ್ದು ತಿಳಿಸುತ್ತೇನೆ’ ಎಂದು ಅಲ್ಲೇ ವಾಟ್ಸ್ಆ್ಯಪ್ ಸಂದೇಶ ಕಳುಹಿಸಿ. ‘ಪೂರ್ಣ ಮತ್ತು ಅಂತಿಮ’ ಎಂಬ ಮಾತಿರುವ ಯಾವ ಚೀಟಿಗೂ, ಠಾಣೆಯಲ್ಲಿ ಬರೆಸುವ ರಾಜಿ ಪತ್ರಕ್ಕೂ ಬಂಪರ್ ಬಿಚ್ಚುವ ಮುನ್ನ ಸಹಿ ಹಾಕಬಾರದು. ಠಾಣೆಯಲ್ಲಿ ‘ಸಣ್ಣ ವಿಷಯ, ನೀವು ನೀವೇ ಮುಗಿಸಿಕೊಳ್ಳಿ’ ಎನ್ನುವುದು ವಾಡಿಕೆ. ಅವರಿಗೂ ಕೆಲಸ ಕಡಿಮೆಯಾಗುತ್ತದೆ, ನಿಮಗೂ ಆ ಹೊತ್ತಿಗೆ ನೆಮ್ಮದಿ ಎನಿಸುತ್ತದೆ. ಅಂತಹ ನೆಮ್ಮದಿ ಬಂಪರ್ ಬಿಚ್ಚುವವರೆಗೆ ಮಾತ್ರ.

ಎರಡನೆಯ ಹೆಜ್ಜೆ: ದೂರು ಮತ್ತು ಅದರಲ್ಲಿ ಬರೆಯಬೇಕಾದ ಒಂದು ವಾಕ್ಯ

ಯಾರಿಗೂ ಗಾಯವಾಗದಿದ್ದರೂ ಸಂಚಾರ ಠಾಣೆಗೆ ಲಿಖಿತ ದೂರು ಕೊಡಿ. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ, ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಇವೆ. ಎಫ್ಐಆರ್ ಆಗದಿದ್ದರೂ ದೂರು ಸ್ವೀಕರಿಸಿದ ಹಿಂಬರಹ ಅಥವಾ ಸ್ವೀಕೃತಿ ಸಂಖ್ಯೆ ಪಡೆಯದೆ ಹೊರಬರಬೇಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ವಿದ್ಯುನ್ಮಾನ ಮಾರ್ಗದಲ್ಲೂ ಮಾಹಿತಿ ಕೊಡಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು.

ದೂರಿನ ಕೊನೆಗೆ ಒಂದು ವಾಕ್ಯ ಸೇರಿಸಿ: ‘ವಾಹನದ ಒಳಭಾಗಗಳಿಗೆ ಆಗಿರಬಹುದಾದ ಹಾನಿ ಬಿಚ್ಚಿ ಪರೀಕ್ಷಿಸಿದ ನಂತರವೇ ತಿಳಿಯಬೇಕಿದೆ.’ ಇದಕ್ಕೆ ಕಾರಣವಿದೆ. ಪ್ರಕರಣ ದಾಖಲಾದರೆ ಮೋಟಾರು ವಾಹನ ನಿರೀಕ್ಷಕರು ಗಾಡಿಯನ್ನು ನೋಡಿ ವರದಿ ಕೊಡುತ್ತಾರೆ. ವಕೀಲರು ಅದನ್ನು ಐಎಂವಿ ವರದಿ ಎನ್ನುತ್ತಾರೆ. ಅವರು ಹೊರಗಿನಿಂದ ನೋಡಿ ‘ಹಿಂಬದಿಯ ಬಂಪರ್ ಗೀರಿದೆ, ಎಡ ಹಿಂದೀಪ ಒಡೆದಿದೆ’ ಎಂದು ಬರೆಯುತ್ತಾರೆ, ಬಿಚ್ಚಿ ನೋಡುವುದಿಲ್ಲ. ನ್ಯಾಯಮಂಡಳಿಯಲ್ಲಿ ಎದುರು ಕಂಪನಿಯ ವಕೀಲರು ಮೊದಲು ಹಿಡಿಯುವ ಕಾಗದವೇ ಅದು: ‘ಐಎಂವಿ ವರದಿಯಲ್ಲಿ ಎರಡೇ ಭಾಗಗಳಿವೆ, ನಿಮ್ಮ ಬಿಲ್ಲಿನಲ್ಲಿ ಹನ್ನೊಂದು ಭಾಗಗಳಿವೆ.’ ಗುಪ್ತ ಹಾನಿಯ ಸಾಧ್ಯತೆಯನ್ನು ನೀವು ದೂರಿನಲ್ಲೇ ಹೇಳಿದ್ದರೆ ಈ ಬಾಣಕ್ಕೆ ಮೊನೆ ಇರುವುದಿಲ್ಲ. ಗಾಡಿ ಬಿಚ್ಚಿದ ಮೇಲೆ ಹೊಸ ಹಾನಿ ಕಂಡರೆ ಚಿತ್ರಗಳೊಂದಿಗೆ ಠಾಣೆಗೆ ಪೂರಕ ಪತ್ರ ಕೊಟ್ಟು, ಮತ್ತೊಮ್ಮೆ ಪರಿಶೀಲಿಸಲು ಕೋರಿ. ಅವರು ಬಾರದಿರಬಹುದು. ಪತ್ರದ ಮೇಲಿನ ಮೊಹರು ಮತ್ತು ದಿನಾಂಕ ನಿಮ್ಮ ಬಳಿ ಉಳಿಯುತ್ತದಲ್ಲ, ಅಷ್ಟು ಸಾಕು.

ಮೂರನೆಯ ಹೆಜ್ಜೆ: ಹಾನಿ ಕಂಡ ದಿನ ಗಾಡಿ ನಿಲ್ಲಿಸಿ

ವಾಹನ ವಿಮೆ ಪಾಲಿಸಿಯ ಷರತ್ತುಗಳಲ್ಲಿ ಒಂದು ಹೀಗಿದೆ: ಅಪಘಾತದ ನಂತರ ಅಗತ್ಯ ರಿಪೇರಿ ಮಾಡಿಸದೆ ಗಾಡಿ ಓಡಿಸಿದರೆ, ಅದರಿಂದ ಹಾನಿ ಹೆಚ್ಚಿದರೆ, ಆ ಹೆಚ್ಚುವರಿ ಹಾನಿ ಮಾಲೀಕನ ಹೊಣೆ. ಪಾಲಿಸಿಯ ಹಿಂಭಾಗದ ಸಣ್ಣ ಅಕ್ಷರಗಳನ್ನು ಯಾರೂ ಓದುವುದಿಲ್ಲ, ಈ ಸಾಲನ್ನಾದರೂ ಓದಬೇಕು. ರೇಡಿಯೇಟರ್ ಸೋರುತ್ತಿದೆ ಎಂದು ತಿಳಿದೂ ತುಮಕೂರಿಗೆ ಹೋಗಿಬಂದು ಎಂಜಿನ್ ಕಾದು ಹೋದರೆ, ರೇಡಿಯೇಟರಿನ ಹಣ ಸಿಗುತ್ತದೆ, ಎಂಜಿನ್ನಿನದು ಸಿಗುವುದಿಲ್ಲ. ಇದು ನಿಮ್ಮ ಕಂಪನಿಯೊಂದಿಗಿನ ಷರತ್ತು. ಎದುರು ಕಂಪನಿಯೂ ಇದೇ ತರ್ಕವನ್ನು ಬೇರೆ ಮಾತಿನಲ್ಲಿ ಹೇಳುತ್ತದೆ: ನಷ್ಟ ಬೆಳೆಯದಂತೆ ನೋಡಿಕೊಳ್ಳುವುದು ನಿಮ್ಮ ಕರ್ತವ್ಯವಾಗಿತ್ತು.

ಆದ್ದರಿಂದ ಎಚ್ಚರಿಕೆಯ ದೀಪ, ಸೋರಿಕೆ, ಸದ್ದು ಯಾವುದು ಕಂಡರೂ ಗಾಡಿ ನಿಲ್ಲಿಸಿ, ಚಿತ್ರ ತೆಗೆದು, ಎಳೆದುಕೊಂಡು ಹೋಗುವ ಗಾಡಿಯಲ್ಲೇ ಗ್ಯಾರೇಜಿಗೆ ಸಾಗಿಸಿ. ಅದರ ರಸೀದಿಯೂ ಬೇಕು.

ಗ್ಯಾರೇಜಿನಲ್ಲಿ ಮೂರು ಸಂಗತಿ ಕೇಳಿ ಪಡೆಯಿರಿ. ಬಿಚ್ಚುವ ಮೊದಲು, ಬಿಚ್ಚುವಾಗ, ಬಿಚ್ಚಿದ ಮೇಲೆ ಚಿತ್ರಗಳು ಬೇಕು. ಕೊನೆಯವುಗಳಲ್ಲಿ ನಂಬರ್ ಪ್ಲೇಟ್ ಅಥವಾ ಚಾಸಿ ಸಂಖ್ಯೆ ಕಾಣುವಂತಿರಬೇಕು. ಎಸ್ಟಿಮೇಟಿನಲ್ಲಿ ‘ಕಾಣುವ ಹಾನಿ’ ಮತ್ತು ‘ಬಿಚ್ಚಿದ ನಂತರ ಕಂಡ ಹಾನಿ’ ಬೇರೆ ಬೇರೆಯಾಗಿರಬೇಕು. ಕೊನೆಯದು ಗ್ಯಾರೇಜಿನ ತಲೆಬರಹದ ಕಾಗದದಲ್ಲಿ ಮೆಕ್ಯಾನಿಕ್ ಅಥವಾ ಸೂಪರ್‌ವೈಸರ್ ಸಹಿ ಮಾಡಿದ ಟಿಪ್ಪಣಿ: ಈ ಭಾಗಗಳು ಹಿಂಬದಿಯ ಬಂಪರಿನ ನೇರ ಹಿಂದೆ ಇವೆ, ಬಾಗಿದ ದಿಕ್ಕು ಹಿಂದಿನಿಂದ ಬಿದ್ದ ಗುದ್ದಿಗೆ ಹೊಂದುತ್ತದೆ, ಮುರಿದ ಅಂಚಿನಲ್ಲಿ ತುಕ್ಕು ಇಲ್ಲ. ತುಕ್ಕಿನ ಮಾತು ಸಣ್ಣದೆನಿಸಬಹುದು; ಹಳೆಯ ಪೆಟ್ಟಿಗೂ ಹೊಸ ಪೆಟ್ಟಿಗೂ ವ್ಯತ್ಯಾಸ ಹೇಳುವಾಗ ಸರ್ವೇಯರುಗಳು, ಅಂದರೆ ವಿಮೆಗಾಗಿ ಹಾನಿ ಅಳೆಯುವವರು, ಮೊದಲು ನೋಡುವುದು ಅದನ್ನೇ. ಬದಲಿಸಿದ ಹಳೆಯ ಭಾಗಗಳನ್ನು ಗುಜರಿಗೆ ಕೊಡಲು ಅವಸರ ಬೇಡ.

ನಾಲ್ಕನೆಯ ಹೆಜ್ಜೆ: ಎದುರು ಗಾಡಿಯ ವಿಮೆ ಯಾವುದೆಂದು ತಿಳಿಯುವುದು

ಗಾಡಿಯ ನೋಂದಣಿ ಸಂಖ್ಯೆ ಇದ್ದರೆ ಎಂಪರಿವಾಹನ್ ಆ್ಯಪಿನಲ್ಲಿ ವಿಮೆಯ ಅವಧಿ ತಿಳಿಯುತ್ತದೆ. ಇನ್ಶೂರೆನ್ಸ್ ಇನ್ಫರ್ಮೇಷನ್ ಬ್ಯೂರೋದ ಜಾಲತಾಣದಲ್ಲಿ ಅಪಘಾತಕ್ಕೊಳಗಾದ ಗಾಡಿಯ ಪಾಲಿಸಿ ಹುಡುಕುವ ‘ವಿ ಸೇವಾ’ ಎಂಬ ಸೌಲಭ್ಯವಿದೆ. ಎರಡರಲ್ಲೂ ಸಿಗದಿದ್ದರೆ ಮೋಟಾರು ವಾಹನ ಕಾಯ್ದೆಯ 160ನೇ ಕಲಂ ಉಲ್ಲೇಖಿಸಿ ಆರ್‌ಟಿಒ ಅಥವಾ ಠಾಣೆಗೆ ಅರ್ಜಿ ಕೊಡಿ. ಪರಿಹಾರ ಕೇಳುವ ಹಕ್ಕಿದೆ ಎನ್ನುವವರಿಗೆ ಗಾಡಿಯ, ಚಾಲಕರ ಮತ್ತು ವಿಮೆ ಕಂಪನಿಯ ವಿವರ ಕೊಡುವುದು ಅವರ ಕರ್ತವ್ಯ.

ಎಷ್ಟು ಮಿತಿಯ ಪಾಲಿಸಿ ಎಂಬುದೂ ಮುಖ್ಯ. ಖಾಸಗಿ ಕಾರಿನ ಪಾಲಿಸಿಯಲ್ಲಿ ಮೂರನೆಯವರ ಆಸ್ತಿ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿ, ದ್ವಿಚಕ್ರ ವಾಹನದ್ದರಲ್ಲಿ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇರುತ್ತದೆ. ಕೆಲವರು ಪ್ರೀಮಿಯಮ್ಮಿನಲ್ಲಿ ನೂರು ರೂಪಾಯಿ ಉಳಿಸಲು ಈ ಮಿತಿಯನ್ನು ಬರೀ 6,000 ರೂಪಾಯಿಗೆ ಇಳಿಸಿಕೊಂಡಿರುತ್ತಾರೆ. ಹಾಗಿದ್ದರೆ ಮಿಕ್ಕ ಹಣ ಗಾಡಿಯ ಮಾಲೀಕರಿಂದಲೇ ಬರಬೇಕು.

ಐದನೆಯ ಹೆಜ್ಜೆ: ರಿಪೇರಿಗೆ ಮುನ್ನ ಪತ್ರ

ಕಂಪನಿ ನಿಮ್ಮೊಡನೆ ಮಾತನಾಡುವುದಿಲ್ಲ ಎಂದ ಮೇಲೆ ಪತ್ರ ಯಾಕೆ? ಉತ್ತರ ಬರಲಿ ಎಂದಲ್ಲ. ರಿಪೇರಿಯಾದ ಗಾಡಿಯನ್ನು ನೋಡಿ ‘ನಮಗೆ ಪರಿಶೀಲಿಸಲು ಅವಕಾಶವೇ ಕೊಡಲಿಲ್ಲ’ ಎಂದು ಆರು ತಿಂಗಳ ನಂತರ ಹೇಳದಿರಲಿ ಎಂದು. ಪಾಲಿಸಿ ಕೊಟ್ಟ ಶಾಖೆಗೂ, ಕಂಪನಿಯ ದೂರು ಪರಿಹಾರ ಅಧಿಕಾರಿಗೂ ಸ್ಪೀಡ್ ಪೋಸ್ಟ್ ಮತ್ತು ಇಮೇಲ್ ಎರಡರಲ್ಲೂ ಕಳುಹಿಸಿ. ಗಾಡಿಯ ಮಾಲೀಕರಿಗೆ ಒಂದು ಪ್ರತಿ ಹೋಗಲಿ. ಮಾದರಿ ಹೀಗಿರಬಹುದು:

‘ಮಾನ್ಯರೇ, ದಿನಾಂಕ ……ರಂದು ಬೆಳಿಗ್ಗೆ …… ಗಂಟೆಗೆ …… ವೃತ್ತದ ಬಳಿ ನಿಮ್ಮಲ್ಲಿ ವಿಮೆ ಮಾಡಿಸಿರುವ …… ಸಂಖ್ಯೆಯ ಕಾರು, ನಿಂತಿದ್ದ ನನ್ನ …… ಸಂಖ್ಯೆಯ ಕಾರಿಗೆ ಹಿಂದಿನಿಂದ ಗುದ್ದಿರುತ್ತದೆ. ಈ ಬಗ್ಗೆ …… ಸಂಚಾರ ಠಾಣೆಗೆ ನೀಡಿದ ದೂರಿನ ಸ್ವೀಕೃತಿ ಲಗತ್ತಿಸಿದೆ. ದಿನಾಂಕ ……ರಂದು ಬಂಪರ್ ಬಿಚ್ಚಿ ನೋಡಿದಾಗ ಮೊದಲು ಕಾಣದಿದ್ದ ಹಾನಿ ಪತ್ತೆಯಾಗಿದ್ದು, ಅದರ ಚಿತ್ರಗಳು, ಗ್ಯಾರೇಜಿನ ಟಿಪ್ಪಣಿ ಮತ್ತು ಎರಡೂ ಎಸ್ಟಿಮೇಟುಗಳನ್ನು ಲಗತ್ತಿಸಿರುತ್ತೇನೆ. ವಾಹನವು ಬಿಚ್ಚಿದ ಸ್ಥಿತಿಯಲ್ಲಿ …… ವಿಳಾಸದ ಗ್ಯಾರೇಜಿನಲ್ಲಿದೆ. ಈ ಪತ್ರ ತಲುಪಿದ ಏಳು ದಿನಗಳೊಳಗೆ ನಿಮ್ಮ ಸರ್ವೇಯರ್ ಬಂದು ಪರಿಶೀಲಿಸಬಹುದು. ನಂತರ ರಿಪೇರಿ ಆರಂಭಿಸಲಾಗುವುದು. ಪರಿಹಾರ ಕೇಳುವ ನನ್ನ ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿಕೊಂಡಿರುತ್ತೇನೆ.’

ಕೋಪ, ವ್ಯಂಗ್ಯ, ‘ಟಿ.ವಿ.ಯವರನ್ನು ಕರೆಸುತ್ತೇನೆ’ ಎಂಬ ಬೆದರಿಕೆ ಯಾವುದೂ ಬೇಡ. ನಾಳೆ ಈ ಪತ್ರವನ್ನು ನ್ಯಾಯಾಧೀಶರು ಓದುತ್ತಾರೆ. ಫೋನಿನಲ್ಲಿ ಯಾರಾದರೂ ಕರೆ ಮಾಡಿ ‘ಮೊದಲೇ ಏನಾದರೂ ಸಮಸ್ಯೆ ಇತ್ತಾ ಸರ್?’ ಎಂದು ಮೆಲ್ಲಗೆ ಕೇಳಿದರೆ, ‘ದಯವಿಟ್ಟು ಇಮೇಲಿನಲ್ಲಿ ಕೇಳಿ’ ಎನ್ನಿ.

ಆರನೆಯ ಹೆಜ್ಜೆ: ಯಾವ ದಾರಿ? ಕಾಗದದ ಮೇಲೆ ಲೆಕ್ಕ ಹಾಕಿ

ನಿಮ್ಮ ಗಾಡಿಗೆ ಜನ ಹೇಳುವ ‘ಫುಲ್ ಇನ್ಶೂರೆನ್ಸ್’, ಅಂದರೆ ಸ್ವಂತ ಗಾಡಿಯ ಹಾನಿಗೂ ವಿಮೆ, ಇದ್ದರೆ ಎರಡು ದಾರಿಗಳಿವೆ: ನಿಮ್ಮ ಕಂಪನಿಯಿಂದಲೇ ರಿಪೇರಿ ಮಾಡಿಸಿಕೊಳ್ಳುವುದು, ಅಥವಾ ಎದುರಿನವರ ಮೇಲೆ ನ್ಯಾಯಮಂಡಳಿಗೆ ಹೋಗುವುದು. ಬರೀ ಥರ್ಡ್ ಪಾರ್ಟಿ ಇದ್ದರೆ ಎರಡನೆಯದೊಂದೇ. ತಪ್ಪು ನಮ್ಮದಲ್ಲದಿರುವಾಗ ನಮ್ಮ ಪಾಲಿಸಿಯನ್ನು ಯಾಕೆ ಮುಟ್ಟಬೇಕು ಎಂದು ಹಟ ಹಿಡಿಯುವವರು ಬಹಳ. ಆ ಹಟ ನ್ಯಾಯವಾದದ್ದೇ, ಆದರೆ ಲೆಕ್ಕ ನೋಡದೆ ಹಟ ಹಿಡಿಯಬಾರದು.

ಉದಾಹರಣೆಗೆ ಮೂರೂವರೆ ವರ್ಷ ಹಳೆಯ, 1200 ಸಿಸಿ ಕಾರು. ಒಟ್ಟು ಬಿಲ್ 58,000 ರೂಪಾಯಿ ಎಂದುಕೊಳ್ಳೋಣ: ಬಂಪರ್, ದೀಪ ಮುಂತಾದ ಪ್ಲಾಸ್ಟಿಕ್ ಭಾಗಗಳು 16,000, ಅಡ್ಡಪಟ್ಟಿ, ತಗಡು ಮುಂತಾದ ಲೋಹದ ಭಾಗಗಳು 20,000, ಕೂಲಿ 10,000, ಪೇಂಟು 12,000. ಝೀರೋ ಡೆಪ್ (ಸವಕಳಿ ಕಳೆಯದೆ ಹಣ ಕೊಡುವ, ಹೆಚ್ಚುವರಿಯಾಗಿ ಕೊಳ್ಳುವ ರಕ್ಷಣೆ) ಇಲ್ಲದಿದ್ದರೆ ಪ್ಲಾಸ್ಟಿಕ್ಕಿಗೆ ಶೇ. 50ರಷ್ಟು ಸವಕಳಿ, ಅಂದರೆ 8,000. ಮೂರರಿಂದ ನಾಲ್ಕು ವರ್ಷದ ಗಾಡಿಯ ಲೋಹದ ಭಾಗಕ್ಕೆ ಶೇ. 25, ಅಂದರೆ 5,000. ಪೇಂಟಿನ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರ ಅರ್ಧ ಕಡಿತ, 1,500. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000. ಒಟ್ಟು 15,500 ನಿಮ್ಮ ಜೇಬಿನಿಂದ, 42,500 ಕಂಪನಿಯಿಂದ.

ನೋ ಕ್ಲೇಮ್ ಬೋನಸ್ ಇನ್ನೊಂದು ಲೆಕ್ಕ. ಕ್ಲೇಮ್ ಇಲ್ಲದ ವರ್ಷಗಳಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ಆ ರಿಯಾಯಿತಿ ಶೇ. 20, 25, 35, 45, 50 ಎಂದು ವರ್ಷಕ್ಕೊಂದು ಮೆಟ್ಟಿಲು ಏರುತ್ತದೆ; ಒಂದು ಕ್ಲೇಮ್ ಆದರೆ ಸೊನ್ನೆಗೆ ಬೀಳುತ್ತದೆ. ಸ್ವಂತ ಹಾನಿಯ ಭಾಗದ ಮೂಲ ಪ್ರೀಮಿಯಂ 10,000 ರೂಪಾಯಿ ಎಂದು ಹಿಡಿದರೆ, ಮುಂದಿನ ಸಲ ಶೇ. 45 ಸಿಗಬೇಕಿದ್ದ ಈ ಕಾರಿನ ಮಾಲೀಕರು ಮುಂದಿನ ಐದು ನವೀಕರಣಗಳಲ್ಲಿ 4,500, 3,000, 2,500, 1,500, 500 ಹೀಗೆ ಒಟ್ಟು 12,000 ರೂಪಾಯಿ ಹೆಚ್ಚಾಗಿ ಕಟ್ಟುತ್ತಾರೆ. ಬೋನಸ್ ರಕ್ಷಣೆಯ ಆ್ಯಡ್ ಆನ್ ಇದ್ದರೆ ಈ ನಷ್ಟ ಇಲ್ಲ.

ಹಾಗಾದರೆ ನಿಮ್ಮದೇ ಪಾಲಿಸಿ ಬಳಸುವುದರ ನಿಜವಾದ ಬೆಲೆ ಸುಮಾರು 27,500 ರೂಪಾಯಿ. ನ್ಯಾಯಮಂಡಳಿಯ ದಾರಿಯಲ್ಲಿ ವಕೀಲರ ಶುಲ್ಕ, ಗ್ಯಾರೇಜಿನವರನ್ನು ಸಾಕ್ಷಿಗೆ ಕರೆತರುವ ಪಾಡು, ವರ್ಷಗಟ್ಟಲೆಯ ಕಾಯುವಿಕೆ ಇವೆ. ಬಿಲ್ ಇಪ್ಪತ್ತು ಸಾವಿರದ ಆಸುಪಾಸಿನಲ್ಲಿದ್ದರೆ ನಾನಾದರೆ ಎರಡೂ ದಾರಿ ಬಿಟ್ಟು ಎದುರಿನ ಮಾಲೀಕರೊಡನೆ ಲಿಖಿತ ರಾಜಿಗೆ ಯತ್ನಿಸುತ್ತೇನೆ. ಐವತ್ತು ಸಾವಿರ ದಾಟಿದ್ದು ಝೀರೋ ಡೆಪ್ ಇದ್ದರೆ ನನ್ನ ಪಾಲಿಸಿಯನ್ನೇ ಬಳಸುತ್ತೇನೆ. ಲಕ್ಷಗಳಲ್ಲಿದ್ದು ಸ್ವಂತ ಹಾನಿಯ ವಿಮೆ ಇಲ್ಲದಿದ್ದರೆ ಮಾತ್ರ ನೇರವಾಗಿ ವಕೀಲರ ಬಳಿ ಹೋಗುತ್ತೇನೆ.

ನಿಮ್ಮ ಪಾಲಿಸಿ ಬಳಸಿದರೆ

ತಡವಾಗಿ ತಿಳಿಸಿದ್ದಕ್ಕೆ ಹೆದರಬೇಡಿ. ತಡವಾಯಿತೆಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ಯಾಂತ್ರಿಕವಾಗಿ ತಿರಸ್ಕರಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರಲ್ಲೇ ಸುತ್ತೋಲೆ ಹೊರಡಿಸಿದೆ. ಆದರೂ ಸಣ್ಣ ಗೀರಾದರೂ ಸರಿ, ಆದ ದಿನವೇ ಮಾಹಿತಿ ಕೊಟ್ಟಿರುವುದು ಕ್ಷೇಮ. ಮಾಹಿತಿ ಕೊಡುವುದು ಬೇರೆ, ಹಣ ಕೇಳುವುದು ಬೇರೆ.

ಸರ್ವೇಯರ್ ಮೊದಲು ಬಂದಾಗ ಕಾಣದ ಹಾನಿ ಬಿಚ್ಚಿದ ಮೇಲೆ ಕಂಡರೆ ಗ್ಯಾರೇಜಿನವರು ಪೂರಕ ಎಸ್ಟಿಮೇಟ್ ಕಳುಹಿಸಿ ಒಪ್ಪಿಗೆ ಪಡೆಯಬೇಕು. ಒಪ್ಪಿಗೆಗೆ ಮುನ್ನ ಭಾಗ ಬದಲಿಸಿದರೆ ಆ ಹಣಕ್ಕೆ ಜಗಳ ಖಚಿತ. ಗಾಡಿ ಮನೆಗೆ ಬಂದ ಮೇಲೆ ಇನ್ನೊಂದು ಹಾನಿ ಕಂಡರೆ ಹಳೆಯ ಕ್ಲೇಮ್ ಸಂಖ್ಯೆಯಲ್ಲೇ ಮರುಪರಿಶೀಲನೆ ಕೇಳಿ. ಸಹಾಯವಾಣಿಯವರು ಸುಲಭವೆಂದು ಹೊಸ ಕ್ಲೇಮ್ ದಾಖಲಿಸಿಬಿಡುತ್ತಾರೆ. ಆಗ ಕಡ್ಡಾಯ ಕಡಿತ ಮತ್ತೊಮ್ಮೆ ಬೀಳುತ್ತದೆ, ಝೀರೋ ಡೆಪ್ಪಿನಲ್ಲಿ ವರ್ಷಕ್ಕೆ ಇಷ್ಟೇ ಎಂಬ ಮಿತಿ ಇದ್ದರೆ ಅದರಲ್ಲೂ ಒಂದು ಖರ್ಚಾಗುತ್ತದೆ. ಗಾಡಿ ಒಪ್ಪಿಸುವಾಗ ಗ್ಯಾರೇಜಿನವರು ತೃಪ್ತಿ ಪತ್ರಕ್ಕೆ ಸಹಿ ಕೇಳುತ್ತಾರೆ. ಅದರ ಮೇಲೆ ‘ಮುಂದೆ ಕಾಣಬಹುದಾದ ಒಳಹಾನಿ ಹೊರತುಪಡಿಸಿ’ ಎಂದು ಕೈಯಲ್ಲೇ ಬರೆದು ಸಹಿ ಮಾಡಿ.

ನಿಮ್ಮ ಕಂಪನಿ ಪೂರಕ ಹಾನಿಯನ್ನು ಒಪ್ಪದಿದ್ದರೆ ಮೊದಲು ಅದರ ದೂರು ವಿಭಾಗ, ಆಮೇಲೆ ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ ಪೋರ್ಟಲ್ ಅಥವಾ ಸಹಾಯವಾಣಿ 155255, ಅದೂ ಆಗದಿದ್ದರೆ ವಿಮಾ ಲೋಕಪಾಲರು. ಬೆಂಗಳೂರಿನ ಲೋಕಪಾಲರ ಕಚೇರಿ ಜೆ.ಪಿ. ನಗರದ ಮೊದಲ ಹಂತದ ಜೀವನ್ ಸೌಧದಲ್ಲಿದೆ. ಅಲ್ಲಿ ವಕೀಲರೂ ಬೇಡ, ಶುಲ್ಕವೂ ಇಲ್ಲ. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಕೇಳುತ್ತಾರೆ. ನಿಮ್ಮ ಸ್ವಂತ ಕಂಪನಿಯ ಮೇಲಿನ ದೂರಿಗೆ ಇದು ಒಳ್ಳೆಯ ಬಾಗಿಲು, ಎದುರು ಕಂಪನಿಯ ಮೇಲಿನ ದೂರಿಗೆ ಅಲ್ಲ. ಗ್ರಾಹಕರ ಆಯೋಗದ ಮಾತೂ ಹಾಗೆಯೇ.

ಒಂದೇ ರೂಪಾಯಿಯನ್ನು ಎರಡು ಕಡೆ ಪಡೆಯಲಾಗದು. ನಿಮ್ಮ ಕಂಪನಿ ಕೊಡದೆ ಉಳಿಸಿದ ಸವಕಳಿ, ಕಡಿತಗಳನ್ನು ಎದುರಿನವರಿಂದ ಕೇಳುವ ಯೋಚನೆ ಇದ್ದರೆ, ಹಣ ಪಡೆಯುವ ವೋಚರಿನಲ್ಲಿ ‘ಪೂರ್ಣ ಮತ್ತು ಅಂತಿಮ’ ಎಂದಿರುವುದನ್ನು ನೋಡಿಕೊಂಡು, ಉಳಿಕೆ ಮೊತ್ತವನ್ನು ಎದುರು ವಾಹನದಿಂದ ಕೇಳುವ ಹಕ್ಕು ಇಟ್ಟುಕೊಂಡಿದ್ದೇನೆ ಎಂದು ಬರೆಯದೆ ಸಹಿ ಹಾಕಬೇಡಿ.

ಏಳನೆಯ ಹೆಜ್ಜೆ: ನ್ಯಾಯಮಂಡಳಿ, ಮತ್ತು ಗಡಿಯಾರ ಎಂದಿನಿಂದ ಓಡುತ್ತದೆ

ತಡವಾಗಿ ಕಂಡ ಹಾನಿಯಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲಿ. 2019ರ ತಿದ್ದುಪಡಿಯಿಂದ ಬಂದು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮೋಟಾರು ವಾಹನ ಕಾಯ್ದೆಯ 166(3)ನೇ ಕಲಂ ಪ್ರಕಾರ ಅರ್ಜಿಯನ್ನು ಅಪಘಾತ ನಡೆದ ಆರು ತಿಂಗಳೊಳಗೆ ಸಲ್ಲಿಸಬೇಕು. ಹಾನಿ ಕಂಡ ದಿನದಿಂದ ಅಲ್ಲ, ಅಪಘಾತದ ದಿನದಿಂದ. ಎರಡು ತಿಂಗಳಾದ ಮೇಲೆ ಟೈರು ಸವೆದದ್ದು ನೋಡಿ ಚಾಸಿ ಬಾಗಿದ್ದು ತಿಳಿದರೆ ಉಳಿದಿರುವುದು ನಾಲ್ಕು ತಿಂಗಳು. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಬಂದಿವೆ. ಅದನ್ನು ನಂಬಿ ಕೈಕಟ್ಟಿ ಕೂರುವುದು ಜಾಣತನವಲ್ಲ.

ಎಲ್ಲಿ ಸಲ್ಲಿಸಬೇಕು ಎಂಬುದರಲ್ಲಿ ಕಾನೂನು ನಿಮ್ಮ ಪರ ಇದೆ. ಅಪಘಾತವಾದ ಊರು, ನೀವು ವಾಸಿಸುವ ಅಥವಾ ವ್ಯವಹರಿಸುವ ಊರು, ಎದುರಿನವರು ವಾಸಿಸುವ ಊರು, ಮೂರರಲ್ಲಿ ಯಾವುದಾದರೂ ಆಗಬಹುದು. ಬೆಂಗಳೂರಿನಲ್ಲಿ ಗುದ್ದಿಸಿಕೊಂಡ ಶಿವಮೊಗ್ಗದವರು ಶಿವಮೊಗ್ಗದಲ್ಲೇ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲಿ ಈ ಪ್ರಕರಣಗಳನ್ನು ಸ್ಮಾಲ್ ಕಾಸಸ್ ಕೋರ್ಟ್ ನಡೆಸುತ್ತದೆ, ಪ್ರಕರಣಕ್ಕೆ ಎಂವಿಸಿ (ಮೋಟಾರು ವಾಹನ ಪ್ರಕರಣ) ಸಂಖ್ಯೆ ಬೀಳುತ್ತದೆ. ಚಾಲಕ, ಮಾಲೀಕ, ವಿಮೆ ಕಂಪನಿ ಮೂವರನ್ನೂ ಪ್ರತಿವಾದಿ ಮಾಡಬೇಕು. ಆಸ್ತಿ ಹಾನಿ 2,000 ರೂಪಾಯಿ ಮೀರಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗುವ ಆಯ್ಕೆಯೂ 165ನೇ ಕಲಮಿನಲ್ಲಿದೆ. ಅದು ಬೇಕೇ ಎಂಬುದನ್ನು ವಕೀಲರೊಡನೆ ಮಾತನಾಡಿ.

ಇಲ್ಲಿ ಬಿಲ್ ಹಾಜರುಪಡಿಸಿದರೆ ಮಾತ್ರ ಸಾಲದು, ಅದನ್ನು ಬರೆದವರು ಬಂದು ‘ಹೌದು, ನಾನೇ ಬರೆದದ್ದು, ಇಷ್ಟು ಹಣ ಪಡೆದಿದ್ದೇನೆ’ ಎನ್ನಬೇಕು. ಜಿಎಸ್‌ಟಿ ಇಲ್ಲದ ಬಿಳಿ ಚೀಟಿ ಇಲ್ಲಿ ನಿಲ್ಲುವುದು ಕಷ್ಟ. ಹಣವನ್ನು ಬ್ಯಾಂಕ್ ಮೂಲಕವೇ ಪಾವತಿಸಿರಿ. ಮೊತ್ತ ದೊಡ್ಡದಾಗಿದ್ದರೆ ಪರವಾನಗಿ ಇರುವ ಸ್ವತಂತ್ರ ಸರ್ವೇಯರರಿಂದ ಬಿಚ್ಚಿದ ಸ್ಥಿತಿಯಲ್ಲೇ ವರದಿ ಮಾಡಿಸಿ, ಅವರಿಗೂ ಸಾಕ್ಷಿಗೆ ಬರಬೇಕಾದೀತೆಂದು ಮೊದಲೇ ಹೇಳಿ ಒಪ್ಪಿಸಿ.

ಎದುರು ಕಂಪನಿ ತನ್ನ ವಾದದಲ್ಲಿ ಸವಕಳಿಯ ಕೋಷ್ಟಕವನ್ನೂ ಎಳೆದು ತರುತ್ತದೆ. ಅದು ಪಾಲಿಸಿದಾರನಿಗೂ ಅವನ ಕಂಪನಿಗೂ ನಡುವಿನ ಒಪ್ಪಂದ. ನಿಮ್ಮೊಡನೆ ಅಂತಹ ಒಪ್ಪಂದವಿಲ್ಲ ಎಂದು ನಿಮ್ಮ ವಕೀಲರು ಹೇಳಬೇಕು. ಹಳದಿ ಬೋರ್ಡಿನ ಗಾಡಿಯವರು ನಿಂತ ದಿನಗಳ ಗಳಿಕೆಯನ್ನೂ ಕೇಳಲಿ, ಆ್ಯಪಿನ ಟ್ರಿಪ್ ಪಟ್ಟಿ ಮತ್ತು ಬ್ಯಾಂಕ್ ವಿವರ ಇಟ್ಟುಕೊಂಡು. ಪಾಲಿಸಿ ಹಾನಿಗೆ ಮಾತ್ರ, ಗಳಿಕೆಗೆ ಅಲ್ಲ ಎಂದು ಕಂಪನಿ ತಕರಾರು ಮಾಡಿದರೂ ಮಾಲೀಕರು ಪ್ರತಿವಾದಿಯಾಗಿ ಇದ್ದೇ ಇರುತ್ತಾರೆ.

ದಾರಿ ಬದಲಾಗುವ ಸಂದರ್ಭಗಳು

ಎದುರು ಗಾಡಿಗೆ ವಿಮೆಯೇ ಇಲ್ಲದಿದ್ದರೆ ಮಾಲೀಕ ಮತ್ತು ಚಾಲಕರ ಮೇಲೆ ಮಾತ್ರ ಅರ್ಜಿ. ಗುದ್ದಿದ್ದು ಕೆಎಸ್ಆರ್‌ಟಿಸಿ ಅಥವಾ ಬಿಎಂಟಿಸಿ ಬಸ್ಸಾದರೆ ವಿಮೆ ಕಂಪನಿಯನ್ನು ಹುಡುಕುತ್ತಾ ದಿನ ಕಳೆಯಬೇಡಿ. ಕಾಯ್ದೆಯ 146(3)ನೇ ಕಲಂ ಅಡಿ ವಿನಾಯಿತಿ ಪಡೆದ ಸಾರಿಗೆ ನಿಗಮಗಳು ತಮ್ಮದೇ ನಿಧಿಯಿಂದ ಪರಿಹಾರ ಕೊಡುತ್ತವೆ, ಆದ್ದರಿಂದ ನಿಗಮವೇ ಪ್ರತಿವಾದಿ. ಬಸ್ಸಿನ ನೋಂದಣಿ ಸಂಖ್ಯೆಯೊಂದಿಗೆ ಡಿಪೋ ಮತ್ತು ಮಾರ್ಗದ ಸಂಖ್ಯೆಯನ್ನೂ ಬರೆದುಕೊಳ್ಳಿ.

ಅಂತಿಮ ರಾಜಿಗೆ ಈಗಾಗಲೇ ಸಹಿ ಹಾಕಿದ್ದರೆ ದಾರಿ ಕಿರಿದು. ಆ ಚೀಟಿಯ ಮಾತುಗಳನ್ನು ವಕೀಲರಿಗೆ ತೋರಿಸಿ. ‘ಬಂಪರ್ ಗೀರಿನ ಬಾಬ್ತು’ ಎಂದಷ್ಟೇ ಇದ್ದರೆ ಒಳಹಾನಿಗೆ ಇನ್ನೂ ಅವಕಾಶ ಹುಡುಕಬಹುದು. ‘ಇನ್ನು ಮುಂದೆ ಯಾವುದೇ ತಕರಾರು ಇಲ್ಲ’ ಎಂದಿದ್ದರೆ ನಿಮ್ಮ ಸ್ವಂತ ಪಾಲಿಸಿಯ ಕಡೆ ನೋಡುವುದೇ ವಾಸಿ. ಅಲ್ಲಿಯೂ ರಾಜಿಯ ಸಂಗತಿ ಮುಚ್ಚಿಡದೆ ಹೇಳಬೇಕು.

ಪ್ರಕರಣ ಲೋಕ ಅದಾಲತ್‌ಗೆ ಬಂದಾಗ ಕಂಪನಿಯವರು ಒಂದು ಮೊತ್ತ ಹೇಳುತ್ತಾರೆ. ಒಪ್ಪುವ ಮುನ್ನ ಎಲ್ಲ ರಿಪೇರಿ ಮುಗಿದು ಗಾಡಿ ಒಂದಷ್ಟು ಓಡಿರಬೇಕು, ಚಕ್ರದ ಅಲೈನ್‌ಮೆಂಟಿನ ಅಚ್ಚಾದ ವರದಿ ಕೈಯಲ್ಲಿರಬೇಕು, ಏಕೆಂದರೆ ಅಲ್ಲಿನ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ. ಮೊತ್ತ ಒಪ್ಪಿಗೆಯಾಗದೆ ಮಂಡಳಿಯೇ ತೀರ್ಪು ಕೊಟ್ಟರೆ ಮೂವತ್ತು ದಿನದೊಳಗೆ ಹಣ ಠೇವಣಿಯಾಗಬೇಕು, ಬಡ್ಡಿಯನ್ನೂ ಕೇಳಬಹುದು. ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆಯಾಗಿದ್ದರೆ ಕಂಪನಿ ಹೈಕೋರ್ಟಿಗೆ ಮೇಲ್ಮನವಿ ಹೋಗುವಂತಿಲ್ಲ.